ಅಂಗಾಲಿನ ಉರಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ಸಮಿತಿಯವರು ಫೋನ್ ಮಾಡಿದಾಗ, "ನೀನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಅಲ್ವೇನಪ್ಪ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ಎರಡು ಮಾತು ಹೇಳು" ಎಂದರು. ಕಂಪ್ಯೂಟರ್ ವಿಷಯ ಈಗಿನ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ. ಕಾಲಿನ ಬಗ್ಗೆ ಮಾತಾಡುತ್ತೇನೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ.

ಮೂರು ವರ್ಷದಿಂದ ಆಫೀಸಿನ ಕೆಲಸ ಮುಗಿಸಿ ನಾನು ಕೂತು ಓದಿರುವುದು, ವೈದ್ಯರನ್ನು ಕಾಡಿ ಕೇಳಿರುವುದು ಈ ಒಂದು ವಿಷಯವನ್ನೇ. ನಾನು ಬಿ.ಇ. ಓದಿದವನು, ಡಾಕ್ಟರ್ ಅಲ್ಲ. ಇಲ್ಲಿ ಕೆಲವು ಔಷಧಿಗಳ ಹೆಸರು ಬರುತ್ತದೆ. ಬರೆದುಕೊಂಡು ನೇರವಾಗಿ ಮೆಡಿಕಲ್ ಸ್ಟೋರಿಗೆ ಹೋಗಬೇಡಿ, ಡಾಕ್ಟರ ಹತ್ತಿರ ಹೋಗಿ ಕೇಳಿ.

ಮೂರನೇ ಸಾಲಿನಲ್ಲಿ ಕೂತಿರುವ ನಮ್ಮ ಅವ್ವನನ್ನು ನಿಮ್ಮಲ್ಲಿ ಬಹಳ ಜನ ಬಲ್ಲಿರಿ. ಅವಳಿಗೆ ಸಕ್ಕರೆ ಕಾಯಿಲೆ ಬಂದು 14 ವರ್ಷವಾಯಿತು. ಮೊದಲು ಹೆಬ್ಬೆರಳ ತುದಿಯಲ್ಲಿ ಜುಮುಜುಮು, ಆಮೇಲೆ ಎರಡೂ ಅಂಗಾಲು ಉರಿ. "ಕೆಂಡದ ಮ್ಯಾಲೆ ನಿಂತಂಗಾಯ್ತದೆ ಕಣ್ಲಾ ಮಗಾ" ಎನ್ನುತ್ತಿದ್ದಳು. ಹಗಲು ಹೇಗೋ ಕೆಲಸದಲ್ಲಿ ಕಳೆಯುತ್ತಿತ್ತು. ಮಲಗಿದ ಮೇಲೆ ಹೊದಿಕೆಯ ಅಂಚು ತಾಗಿದರೂ ಸಹಿಸಲು ಆಗುತ್ತಿರಲಿಲ್ಲ. ಮಧ್ಯರಾತ್ರಿ ಎದ್ದು ಹಿತ್ತಲ ಒಗೆಯುವ ಕಲ್ಲಿನ ಮೇಲೆ ಪಾದ ಊರಿ ಕೂತಿರುತ್ತಿದ್ದಳು, ಕಲ್ಲು ತಣ್ಣಗಿರುತ್ತದೆ ಅಂತ. ಊರೆಲ್ಲ ಹೇಳಿದ್ದು ಒಂದೇ ಮಾತು: ಉಷ್ಣ. ಹರಳೆಣ್ಣೆ ಹಚ್ಚಿದಳು, ಗೋರಂಟಿ ಅರೆದು ಮೆತ್ತಿದಳು, ಲೋಳೆಸರ ತಿಕ್ಕಿದಳು. ಹಚ್ಚಿದಷ್ಟು ಹೊತ್ತು ತಂಪು. ಟೀವಿಯಲ್ಲಿ ನೋಡಿ ಆಯಸ್ಕಾಂತದ ಮುಳ್ಳು ಮುಳ್ಳು ಚಪ್ಪಲಿ ತರಿಸಿದಳು. ಒಬ್ಬರು ಹತ್ತು "ನರದ ಇಂಜೆಕ್ಷನ್" ಚುಚ್ಚಿ, ಅದು ಯಾವ ಇಂಜೆಕ್ಷನ್ ಎಂದು ಒಂದು ಚೀಟಿಯನ್ನೂ ಕೊಡಲಿಲ್ಲ. ಇನ್ನೊಬ್ಬರು ನೋವಿನ ಮಾತ್ರೆ ತಿಂಗಳುಗಟ್ಟಲೆ ಬರೆದರು. ಮೈಕೈ ನೋವಿಗೆ ನುಂಗುವ ಆ ಮಾತ್ರೆಗಳು ಈ ಉರಿಗೆ ಹೆಚ್ಚೇನೂ ಕೆಲಸ ಮಾಡುವುದಿಲ್ಲ. ಸಕ್ಕರೆ ಕಾಯಿಲೆಯವರ ಮೂತ್ರಪಿಂಡಕ್ಕೆ ಮಾತ್ರ ಹೊರೆಯಾಗುತ್ತವೆ.

ಉರಿ ಕಾಲಿನಲ್ಲೇ ಯಾಕೆ, ಮೂಗಿನಲ್ಲಿ ಯಾಕಿಲ್ಲ? ಇದನ್ನು ನನಗೆ ಅರ್ಥ ಮಾಡಿಸಿದ್ದು ನಮ್ಮ ವಿ.ಸಿ. ನಾಲೆ. ಅಣೆಕಟ್ಟಿನಲ್ಲಿ ನೀರು ಕಡಿಮೆಯಾದರೆ ಮೊದಲು ಒಣಗುವುದು ಯಾರ ಗದ್ದೆ? ನಾಲೆಯ ಕೊನೆಯವರದು. ಸೊಂಟದ ಹತ್ತಿರದಿಂದ ಕಾಲಿನ ಬೆರಳ ತನಕ ಹೋಗುವ ನರದ ಎಳೆ ಸುಮಾರು ಒಂದು ಮೀಟರ್ ಉದ್ದ, ಅಷ್ಟೂ ಒಂದೇ ಜೀವಕೋಶದ ಬಾಲ. ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಮೇಲಿನಿಂದಲೇ ಹರಿದು ಬರಬೇಕು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿ ಕೂತರೆ ಆ ಎಳೆಯೂ ಕೆಡುತ್ತದೆ, ಅದಕ್ಕೆ ರಕ್ತ ಕೊಡುವ ಸಣ್ಣ ನಾಳಗಳೂ ಕೆಡುತ್ತವೆ. ಮೊದಲು ಸೊರಗುವುದು ತುದಿ. ಅದಕ್ಕೇ ಎರಡೂ ಕಾಲಿನ ಬೆರಳಿನಲ್ಲಿ ಶುರುವಾಗಿ, ಕಾಲುಚೀಲ ಏರಿಸಿದಂತೆ ಮೇಲೆ ಬರುತ್ತದೆ. ಸೊರಗುವ ನರ ಸುಮ್ಮನೆ ಸಾಯುವುದಿಲ್ಲ. ಬೆಂಕಿ ಇಲ್ಲದಿದ್ದರೂ ಬೆಂಕಿ ಬಿತ್ತು ಎಂದು ಮೆದುಳಿಗೆ ಸುದ್ದಿ ಕಳಿಸುತ್ತಲೇ ಇರುತ್ತದೆ. ಅವ್ವನ ಪಾದ ಮುಟ್ಟಿ ನೋಡಿದರೆ ತಣ್ಣಗೇ ಇರುತ್ತಿತ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ. ಇವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಮುಂದೊಂದು ದಿನ ನರದ ತೊಂದರೆ ಬರಬಹುದು ಎನ್ನುತ್ತಾರೆ ವೈದ್ಯರು. ಆದರೆ ಪಾದ ಉರಿದರೆಲ್ಲ ಸಕ್ಕರೆ ಕಾಯಿಲೆಯೇ ಎಂದಲ್ಲ. ಕುಡಿತದಿಂದ ಬರುತ್ತದೆ, ಥೈರಾಯ್ಡ್ ಮತ್ತು ಮೂತ್ರಪಿಂಡದ ತೊಂದರೆಯಿಂದ ಬರುತ್ತದೆ. ಒಂದೇ ಕಾಲಿಗೆ ಬಂದರೆ ಬೆನ್ನಿನ ಡಿಸ್ಕ್ ನೋಡಬೇಕಾಗಬಹುದು. ಚರ್ಮದ ಮೇಲೆ ಸ್ಪರ್ಶವಿಲ್ಲದ ತಿಳಿ ಮಚ್ಚೆ ಇದ್ದರೆ ಕುಷ್ಠ ಇರಬಹುದು. ಅದನ್ನು ಮುಚ್ಚಿಡುವ ಕಾಲ ಹೋಯಿತು, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಗುಣವೂ ಆಗುತ್ತದೆ. ಇನ್ನೊಂದು ಕಾರಣ ಬಿ-12 ಜೀವಸತ್ವದ ಕೊರತೆ. ಇದು ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ. ಸೊಪ್ಪು ಕಾಳಿನಲ್ಲಿ ಇಲ್ಲ. ಸಸ್ಯಾಹಾರಿಗಳಿಗೆ, ಹಾಲನ್ನೆಲ್ಲ ಡೈರಿಗೆ ಹಾಕಿ ಮನೆಯಲ್ಲಿ ಕಪ್ಪು ಕಾಫಿ ಕುಡಿಯುವವರಿಗೆ ಕೊರತೆ ಬರುವುದು ಸುಲಭ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಒಳ್ಳೆಯದೇ, ಆದರೆ ಬಹಳ ವರ್ಷ ತೆಗೆದುಕೊಂಡರೆ ಬಿ-12 ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಅವ್ವನಿಗೆ ಇದೂ ಕಡಿಮೆ ಇತ್ತು. ಅದನ್ನು ತುಂಬಿಸಿಕೊಂಡ ಮೇಲೆ ಜುಮುಜುಮು ಎಷ್ಟೋ ಇಳಿಯಿತು. ಹಾಗಂತ ಕೆಂಪು ಮಾತ್ರೆ ಎಲ್ಲವೂ ಒಳ್ಳೆಯದಲ್ಲ. ಬಿ-6 ಜೀವಸತ್ವವನ್ನು ಹೆಚ್ಚು ಪ್ರಮಾಣದಲ್ಲಿ ಬಹುಕಾಲ ನುಂಗಿದರೆ ಅದೇ ನರವನ್ನು ಕೆಡಿಸುತ್ತದೆ.

ಉರಿಗೆ ಔಷಧಿ ಇದೆ. ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಗಾಬಾಪೆಂಟಿನ್, ಪ್ರಿಗಾಬಲಿನ್ ಎಂಬವು. ಇದರಲ್ಲಿ ಮೊದಲೆರಡು ಮನಸ್ಸಿನ ಖಿನ್ನತೆಗೆ ಕೊಡುವ ಮಾತ್ರೆಗಳು, ಉಳಿದೆರಡು ಮೂರ್ಛೆಗೆ ಕೊಡುವಂಥವು. ಚೀಟಿ ಓದಿದ ಅಂಗಡಿಯವನು "ಇದು ತಲೆ ಕೆಟ್ಟವರ ಮಾತ್ರೆ" ಎಂದುಬಿಟ್ಟ ಅಂತ ಅವ್ವ ಒಂದು ವಾರ ಮುಟ್ಟಲಿಲ್ಲ. ನರದ ಸುಳ್ಳು ಸುದ್ದಿಯನ್ನು ತಗ್ಗಿಸುವ ಗುಣ ಅವುಗಳಲ್ಲಿದೆ, ಅದಕ್ಕೇ ಕೊಡುವುದು. ಸಣ್ಣ ಪ್ರಮಾಣದಲ್ಲಿ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ಮೊದಮೊದಲು ಮಂಪರು, ತಲೆಸುತ್ತು ಬರಬಹುದು. ವಯಸ್ಸಾದವರು ರಾತ್ರಿ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೊಳ್ಳಬೇಕು. ತಟ್ಟನೆ ನಿಲ್ಲಿಸುವಂತಿಲ್ಲ. ಮತ್ತೆ, ಎರಡು ದಿನದಲ್ಲಿ ಮಾಯ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೋವು ಅರ್ಧಕ್ಕಿಳಿದು ನಿದ್ದೆ ಬಂದರೆ ವೈದ್ಯರು ಅದನ್ನೇ ಗೆಲುವು ಎನ್ನುತ್ತಾರೆ. ಅವ್ವನಿಗೆ ಸಿಕ್ಕಿದ್ದೂ ಅಷ್ಟೇ. ಈಗ ರಾತ್ರಿ ಐದು ಗಂಟೆ ಮಲಗುತ್ತಾಳೆ.

ಒಂದು ತಮಾಷೆ. ಮೆಣಸಿನಕಾಯಿಯ ಖಾರದ ಅಂಶ ಕ್ಯಾಪ್ಸೈಸಿನ್ ಕೂಡ ಈ ನೋವಿಗೆ ಔಷಧಿ, ಮುಲಾಮು ಮತ್ತು ಪಟ್ಟಿಯ ರೂಪದಲ್ಲಿ. ಖಾರವನ್ನೂ ಬಿಸಿಯನ್ನೂ ನಮ್ಮ ನರ ಒಂದೇ ಬಾಗಿಲಿನಿಂದ ಗುರುತಿಸುತ್ತದೆ. ಆ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಹಾಗೆಂದು ಮನೆಯಲ್ಲಿ ಯಾರೂ ಬ್ಯಾಡಗಿ ಮೆಣಸಿನಕಾಯಿ ಅರೆದು ಪಾದಕ್ಕೆ ಮೆತ್ತಬೇಡಿ. ಬ್ಯಾಡಗಿಯಲ್ಲಿ ಬಣ್ಣವೇ ಹೆಚ್ಚು, ಖಾರ ಕಡಿಮೆ. ಆದರೂ ಬೇಡ.

ಈಗ ನಾನು ನಿಜವಾಗಿ ಹೇಳಲು ಬಂದ ಮಾತು. ಹೋದ ವರ್ಷ ಅವ್ವ ಖುಷಿಯಾಗಿ ಫೋನ್ ಮಾಡಿದಳು. "ಬಲಗಾಲು ಉರಿ ಪೂರಾ ಹೋಯ್ತು ಕಣ್ಲಾ, ವಾಸಿಯಾಯ್ತು." ಡಾಕ್ಟರಿಗೆ ತಿಳಿಸಿದರೆ ಅವರು ಖುಷಿಪಡಲಿಲ್ಲ, ಕರೆದುಕೊಂಡು ಬನ್ನಿ ಎಂದರು. ಮೀನಿನ ದಾರದಂಥ ಒಂದು ನೈಲಾನ್ ಎಳೆ ಇರುತ್ತದೆ, ಬಾಗುವ ತನಕ ಒತ್ತಿದರೆ ಸರಿಯಾಗಿ 10 ಗ್ರಾಂ ಭಾರ ಬೀಳುತ್ತದೆ. ಅವ್ವನಿಗೆ ಕಣ್ಣು ಮುಚ್ಚಿಸಿ ಅಂಗಾಲಿನ ಅಲ್ಲಲ್ಲಿ ಒತ್ತಿದರು. ಎಡಗಾಲಿಗೆ "ಹ್ಞೂಂ, ಹ್ಞೂಂ" ಎಂದಳು. ಬಲಗಾಲಿಗೆ ಸುಮ್ಮನಿದ್ದಳು. ಆಮೇಲೆ ನಮ್ಮ ಶಾಲೆಯ ಪ್ರಯೋಗಾಲಯದ ಬೀರುವಿನಲ್ಲಿ 256, 512 ಎಂದು ಬರೆದ ಶ್ರುತಿಕವೆಗಳಿದ್ದವಲ್ಲ, ಅದೇ ಜಾತಿಯ 128ರದನ್ನು ಬಡಿದು ಹೆಬ್ಬೆರಳ ಮೂಳೆಗೆ ಇಟ್ಟರು. "ಏನಾದ್ರೂ ಗೊತ್ತಾಗ್ತದಾ ಅಮ್ಮಾ?" "ತಣ್ಣಗೈತೆ ಸಾಮಿ." ಅದು ಗುಂಯ್ ಎನ್ನುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಅವಳಿಗೆ ಅದರ ನಡುಕ ಗೊತ್ತಾಗಲಿಲ್ಲ. ಪಾದ ತಿರುಗಿಸಿ ನೋಡಿದರೆ ಹಿಮ್ಮಡಿಯಲ್ಲಿ ಜಾಲಿ ಮುಳ್ಳು ಮುರಿದುಕೊಂಡಿತ್ತು, ಸುತ್ತ ಕೀವು. ಎಂದು ಚುಚ್ಚಿತೋ ಅವಳಿಗೆ ತಿಳಿಯದು. ಉರಿ ವಾಸಿಯಾಗಿರಲಿಲ್ಲ, ಸುದ್ದಿ ಕಳಿಸುವವರೇ ಇಲ್ಲವಾಗಿದ್ದರು. ಎರಡು ತಿಂಗಳು ಡ್ರೆಸ್ಸಿಂಗ್ ಮಾಡಿಸಿದೆವು. ಬೆರಳುಗಳೆಲ್ಲ ಉಳಿದವು. ನಮ್ಮೂರಲ್ಲೇ ಹೀಗೆ ಕಾಲು ಕಳೆದುಕೊಂಡವರು ಯಾರು ಯಾರು ಎಂದು ನಿಮಗೆ ಗೊತ್ತು, ಹೆಸರು ಬೇಡ.

ಇದನ್ನು ಮೊದಲು ಸ್ಪಷ್ಟವಾಗಿ ಕಂಡವರಲ್ಲಿ ಒಬ್ಬರು, ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿ, 1946ರಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಮಾಡಿದ ಡಾ. ಪಾಲ್ ಬ್ರಾಂಡ್. ಕುಷ್ಠದವರ ಬೆರಳು ತಾನಾಗಿ ಉದುರುವುದಿಲ್ಲ, ನೋವೇ ತಿಳಿಯದೆ ಆಗುವ ಗಾಯದಿಂದ ಹೋಗುತ್ತದೆ ಎಂದು ತೋರಿಸಿಕೊಟ್ಟರು. ಅಂಥ ಪಾದಗಳಿಗಾಗಿ ಬಳಕೆಗೆ ಬಂದ ಮೆತ್ತನೆ ರಬ್ಬರಿನ ಎಂ.ಸಿ.ಆರ್. ಚಪ್ಪಲಿಯನ್ನೇ ಇವತ್ತು ಸಕ್ಕರೆ ಕಾಯಿಲೆಯವರಿಗೂ ಬರೆಯುತ್ತಾರೆ. ನೋಡಲು ಅಂದವಿಲ್ಲ. ಅವ್ವ ಮದುವೆಗೂ ಅದನ್ನೇ ಹಾಕಿಕೊಂಡು ಹೋಗುತ್ತಾಳೆ.

ಗದ್ದೆಗೆ ಇಳಿಯುವವರಿಗೆ ಚಪ್ಪಲಿ ಬಿಡಬೇಡಿ ಎಂದು ಬೆಂಗಳೂರಿನಿಂದ ಬಂದು ಹೇಳುವುದು ಸುಲಭ. ಕೆಸರಿನಲ್ಲಿ ಚಪ್ಪಲಿ ನಿಲ್ಲುತ್ತದೆಯೇ? ಇದನ್ನೇ ಡಾಕ್ಟರಿಗೆ ಕೇಳಿದೆ. ಹಾಗಾದರೆ ಸಂಜೆ ಪಾದ ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲ ಕೆಳಗೆ ಕನ್ನಡಿ ಹಿಡಿದು ದಿನಾ ನೋಡಲಿ, ಕಣ್ಣು ಮಂಜಾದರೆ ಮೊಮ್ಮಕ್ಕಳು ನೋಡಲಿ ಎಂದರು. ಬಿಸಿನೀರಿನಲ್ಲಿ ಕಾಲಿಡುವ ಮೊದಲು ಮೊಣಕೈ ಅದ್ದಿ ನೋಡಬೇಕು, ಸುಟ್ಟರೂ ಪಾದಕ್ಕೆ ತಿಳಿಯದು. ಬೇಸಿಗೆ ಜಾತ್ರೆಯಲ್ಲಿ ಮಧ್ಯಾಹ್ನದ ಕಲ್ಲುಚಪ್ಪಡಿಯ ಮೇಲೆ ಬರಿಗಾಲಿನ ಪ್ರದಕ್ಷಿಣೆ ಬೇಡ, ಬೆಳಗ್ಗೆ ಹೋಗಿ ಬನ್ನಿ, ದೇವರು ಬೆಳಗ್ಗೆಯೂ ಇರುತ್ತಾನೆ.

ಪ್ರಾಥಮಿಕ ಆರೋಗ್ಯ ಕೇಂದ್ರದವರು ಒಪ್ಪಿ ಬಂದಿದ್ದಾರೆ. ಎಂಟನೇ ತರಗತಿ 'ಬಿ' ವಿಭಾಗದ ಕೊಠಡಿಯಲ್ಲಿ ಸಂಜೆ ಐದರ ತನಕ ಇರುತ್ತಾರೆ. ನೈಲಾನ್ ಎಳೆ ಇದೆ, ಶ್ರುತಿಕವೆ ಇದೆ, ಬೆರಳು ಚುಚ್ಚಿ ಸಕ್ಕರೆಯನ್ನೂ ನೋಡುತ್ತಾರೆ. ಒಬ್ಬರಿಗೆ ಐದು ನಿಮಿಷ ಸಾಕು. ಉರಿ ಇರುವವರು ಬನ್ನಿ. ಉರಿ ಇದ್ದು ಈಗ ಇಲ್ಲ ಎನ್ನುವವರು ಮೊದಲು ಬನ್ನಿ. ಊಟ ಬಡಿಸಲು ಇನ್ನೂ ಮುಕ್ಕಾಲು ಗಂಟೆ ಇದೆಯಂತೆ, ಅವ್ವ ಬಾಗಿಲಲ್ಲೇ ಕೂತು ಚೀಟಿ ಕೊಡುತ್ತಾಳೆ.