ಪೀನಸ ಮತ್ತು ನೀರು

ನಮ್ಮ ಹಿರಿಯರು ಪೀನಸವೆಂದು ಕರೆದ ಬೇನೆಗೆ ಇಂದು ಸೈನಸ್ ಎಂಬ ಹೆಸರೇ ರೂಢಿಯಾಗಿದೆ. ಹಣೆ, ಕೆನ್ನೆಗಳ ಒಳಗೆ, ಕಣ್ಣುಗಳ ನಡುವೆ ಹಾಗೂ ಹಿಂದೆ ನಾಲ್ಕು ಜೊತೆ ಪೊಳ್ಳುಗಳುಂಟು; ಅವೇ ಸೈನಸ್ಸುಗಳು. ಮೂಗಿಗೆ ತೆರೆಯುವ ಅವುಗಳ ಕಿಂಡಿ ನೆಗಡಿಯಿಂದ ಬಾತು ಮುಚ್ಚಿದರೆ ಸಿಂಬಳ ಒಳಗೇ ನಿಲ್ಲುತ್ತದೆ. ಬಗ್ಗಿದರೆ ಹಣೆ ಸಿಡಿಯುತ್ತದೆ.

ಇದಕ್ಕೆ ಯೋಗಿಗಳ ಜಲನೇತಿಯನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ. ಅರ್ಧ ಲೀಟರು ನೀರಿಗೆ ಒಂದು ಚಹಾ ಚಮಚ ಉಪ್ಪು ಕರಗಿಸಿ, ತಲೆಯನ್ನು ಓರೆಮಾಡಿ, ಬಾಯಿಂದ ಉಸಿರಾಡುತ್ತ, ಒಂದು ಹೊಳ್ಳೆಯಿಂದ ಹೊಯ್ದು ಇನ್ನೊಂದರಿಂದ ಹರಿಯಬಿಡಬೇಕು.

ಆದರೆ ಎಂಥ ನೀರು? ನಮ್ಮ ಸಿಂಗಟಾಲೂರಿನ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಾಳೆ. ವೀರಭದ್ರೇಶ್ವರನ ದರ್ಶನಕ್ಕೆ ಬಂದವರು ಹೊಳೆಯಲ್ಲಿ ಮೀಯುತ್ತಾರೆ. ಆ ನೀರನ್ನು ಹಸಿಯಾಗಿ ಮೂಗಿಗೇರಿಸುವುದು ಮಾತ್ರ ಸಲ್ಲದು. ಬೆಚ್ಚನೆಯ ಸಿಹಿನೀರಿನಲ್ಲಿ ಬದುಕುವ ಅಮೀಬಾ ಎಂಬ ಸೂಕ್ಷ್ಮಜೀವಿಯೊಂದು ಮೂಗಿನ ದಾರಿಯಿಂದ ಮಿದುಳನ್ನು ಸೇರಬಲ್ಲುದು. ಈ ಬೇನೆ ಅಪರೂಪದ್ದು, ಆದರೆ ಮಾರಕವಾದದ್ದು. 2024ರಲ್ಲಿ ಕೇರಳದಲ್ಲಿ ಹೊಳೆ, ಕೊಳಗಳಲ್ಲಿ ಮಿಂದ ಮಕ್ಕಳು ಇದರಿಂದ ತೀರಿಕೊಂಡರು. ನಲ್ಲಿಯ ನೀರಾದರೂ ಸರಿಯೆ, ಚೆನ್ನಾಗಿ ಕುದಿಸಿ, ಉಗುರುಬೆಚ್ಚಗೆ ಆರಿಸಿಯೇ ಬಳಸತಕ್ಕದ್ದು.

ಪೀನಸ ಬಹುಮಟ್ಟಿಗೆ ವೈರಸ್ಸಿನಿಂದ ಬರುವಂಥದು. ಅದು ಹತ್ತು ದಿನಗಳೊಳಗೆ ತಾನಾಗಿ ಇಳಿಯುತ್ತದೆ. ಪೆನಿಸಿಲಿನ್ ಜಾತಿಯ ಔಷಧಿ ಅದಕ್ಕೆ ನಾಟದು. ಮೂಗು ಬಿಡಿಸುವ ಹನಿಗಳನ್ನು ಮೂರು ನಾಲ್ಕು ದಿನ ಮೀರಿ ಹಾಕಿದರೆ ಕಟ್ಟು ಇನ್ನೂ ಬಿಗಿಯುತ್ತದೆ. ಹತ್ತು ದಿನ ಕಳೆದರೂ ಇಳಿಯದಿದ್ದರೆ, ಇಲ್ಲವೆ ಇಳಿದದ್ದು ಮರಳಿ ಏರಿದರೆ ವೈದ್ಯರನ್ನು ಕಾಣಿರಿ. ಕಣ್ಣು ಬಾತರೆ, ನೋಟ ಮಂಜಾದರೆ, ಜ್ವರದೊಡನೆ ಕುತ್ತಿಗೆ ಸೆಟೆದರೆ, ಬೆಳಗಾಗಲೆಂದು ಕಾಯಬೇಡಿರಿ. ಕೂಡಲೇ ಆಸ್ಪತ್ರೆಗೆ ಹೊರಡಿರಿ.