ಕಡಲು ಬಿಡದ ಬಸವನಹುಳು

ಮಳೆ ಹಿಡಿಯಿತೆಂದರೆ ಬೆಳಗಾವಿಯ ಹಿತ್ತಿಲ ಗೋಡೆಗಳ ಮೇಲೆ ಬಸವನಹುಳು ಏರುತ್ತದೆ. ಖಾನಾಪುರದ ಕಡೆಗೆ ಹೋದರೆ ಬತ್ತದ ಗದ್ದೆಯ ನೀರಿನಲ್ಲಿ ಇನ್ನೂ ದೊಡ್ಡದೊಂದು ಜಾತಿ ಕಾಣಸಿಗುತ್ತದೆ. ಪ್ರಾಣಿಶಾಸ್ತ್ರದಲ್ಲಿ ಅದಕ್ಕೆ ಪೀಲಾ ಎಂದು ಹೆಸರು. ಇವೆರಡರ ಪೂರ್ವಜರೂ ಕಡಲಿನವರೇ. ಆದರೆ ಈ ವಂಶದ ಕೆಲವು ಹಳೆಯ ಕವಲುಗಳು ಇಂದಿಗೂ ಉಪ್ಪುನೀರನ್ನು ಬಿಟ್ಟಿಲ್ಲ. ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹದಾಯಿ ಗೋವೆಯಲ್ಲಿ ಮಾಂಡೋವಿಯಾಗಿ ಕಡಲನ್ನು ಸೇರುತ್ತದೆ. ನೀರಿನ ದಾರಿ ತೆರೆದೇ ಇದ್ದರೂ ಅವು ಮೇಲೇರಿ ಬರಲಿಲ್ಲವೇಕೆ?

ಮೊದಲು ಅವುಗಳ ಮೈಕಟ್ಟನ್ನು ನೋಡೋಣ. ಬಸವನಹುಳು ಮರಿಯಾಗಿರುವಾಗಲೇ ಅದರ ಒಡಲು ತಲೆಯ ಹಿಂದೆ ಸುಮಾರು 180 ಅಂಶ ತಿರುಗಿಬಿಡುತ್ತದೆ. ಹಿಂದಿರಬೇಕಾದ ಕಿವಿರು, ಮಲದ್ವಾರಗಳು ತಲೆಯ ಮೇಲಕ್ಕೆ ಬರುತ್ತವೆ. ಅಡಿಗೆಮನೆಯ ಬಾಗಿಲಲ್ಲೇ ಮೋರಿ ಇಟ್ಟಂತಾಯಿತು! ಈ ತೊಡಕಿಗೆ ಕೆಲವು ಹಳೆಯ ಕವಲುಗಳು ಚಿಪ್ಪಿನಲ್ಲೇ ತೂತು ಮಾಡಿಕೊಂಡಿವೆ. ಅಬಲೋನಿ ಎಂಬ ಕಡಲ ಹುಳುವಿನ ಚಿಪ್ಪಿನಲ್ಲಿ ತೂತುಗಳ ಸಾಲೇ ಇದೆ. ಎರಡು ಕಿವಿರುಗಳ ಮೇಲೆ ಹಾದ ನೀರು ಹೊಲಸನ್ನು ಹೊತ್ತು ಅಲ್ಲಿಂದ ಹೊರಬೀಳುತ್ತದೆ. ನಮ್ಮ ಗದ್ದೆಯ ಪೀಲಾಕ್ಕೆ ಒಂದೇ ಕಿವಿರು. ಜೊತೆಗೆ ಗಾಳಿ ಉಸಿರಾಡುವ ಶ್ವಾಸಕೋಶವೂ ಉಂಟು. ಗದ್ದೆ ಒಣಗಿದಾಗ ಕೆಸರಿನೊಳಗೆ ಬಾಯಿ ಮುಚ್ಚಿಕೊಂಡು ಅದು ಬದುಕಿರಬಲ್ಲದು.

ಇನ್ನೂ ದೊಡ್ಡ ಅಂತರ ಸಂತಾನದಲ್ಲಿದೆ. ಅಬಲೋನಿಯೂ, ಬಂಡೆಗೆ ಟೋಪಿಯಂತೆ ಅಂಟಿಕೊಳ್ಳುವ ಲಿಂಪೆಟ್ಟೂ ಸಾಮಾನ್ಯವಾಗಿ ತತ್ತಿ ಮತ್ತು ವೀರ್ಯಗಳನ್ನು ಕಡಲಿಗೇ ಬಿಟ್ಟುಬಿಡುತ್ತವೆ. ಅವು ನೀರಿನಲ್ಲೇ ಕೂಡಬೇಕು. ಹುಟ್ಟಿದ ಮರಿ ತೇಲುತ್ತಲೇ ಬೆಳೆಯಬೇಕು. ಹರಿಯುವ ಹೊಳೆಯಲ್ಲಿ ಈ ಸಂಸಾರ ನಡೆಯದು. ಪೀಲಾ ಹಾಗಲ್ಲ. ಗಂಡುಹೆಣ್ಣು ಕೂಡುತ್ತವೆ, ನೀರಿನ ಪಕ್ಕದ ಹಸಿಮಣ್ಣಿನಲ್ಲಿ ಹೆಣ್ಣು ತತ್ತಿಯಿಡುತ್ತದೆ, ಒಡೆದು ಬರುವುದು ಪುಟ್ಟ ಬಸವನಹುಳುವೇ.

ಈ ಅಂತರ ವರ್ಗೀಕರಣವನ್ನೂ ಬದಲಿಸಿತು. ಜರ್ಮನಿಯ ಯೋಹಾನೆಸ್ ಥೀಲೆ 1920ರ ದಶಕದಲ್ಲಿ ಲಿಂಪೆಟ್, ಅಬಲೋನಿ, ನೆರೈಟ್‌ಗಳನ್ನು 'ಆದಿಮ'ವೆಂಬ ಒಂದೇ ಗಣದಲ್ಲಿ ಸೇರಿಸಿದ್ದರು. ಆದರೆ ನೆರೈಟ್‌ಗಳು ಗಂಡುಹೆಣ್ಣು ಕೂಡಿ ಕೋಶದಲ್ಲಿ ತತ್ತಿಯಿಡುವಂಥವು. ಅವುಗಳಲ್ಲಿ ಕೆಲವು ಸಿಹಿನೀರನ್ನೂ ಹೊಕ್ಕಿವೆ. ಹಳೆಯ ಲಕ್ಷಣಗಳು ಉಳಿದ ಮಾತ್ರಕ್ಕೆ ಒಂದೇ ಮನೆತನವಾಗದು. 2005ರಲ್ಲಿ ಬೂಶೆ ಮತ್ತು ರೊಕ್ರುವಾ ಪ್ರಕಟಿಸಿದ ವ್ಯವಸ್ಥೆಯಲ್ಲಿ ಈ ಮೂರೂ ಬೇರೆಬೇರೆಯಾದವು. ಚಿಪ್ಪು ಕಳೆದುಕೊಂಡ ಕಡಲ ಗೊಂಡೆಹುಳುಗಳಂತೂ ನಮ್ಮ ಹಿತ್ತಿಲ ಬಸವನಹುಳುವಿನ ಬಳಗಕ್ಕೇ ಸೇರಿದವು.

ಆದಿಮವೆಂದರೆ ದಡ್ಡತನವಲ್ಲ, ಕೋಟ್ಯಂತರ ವರ್ಷ ಸಾಗಿ ಬಂದ ಬದುಕು ಅದು. ಆದರೆ ಅದಕ್ಕೊಂದು ಷರತ್ತುಂಟು: ನೆರೆಹೊರೆ ಹತ್ತಿರವಿರಬೇಕು. ಹುಳುಗಳು ವಿರಳವಾದರೆ ತತ್ತಿಯೂ ವೀರ್ಯವೂ ಕಡಲಿನಲ್ಲಿ ಸಂಧಿಸುವುದೇ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಬಿಳಿ ಅಬಲೋನಿಯನ್ನು 1970ರ ದಶಕದಲ್ಲಿ ಮಿತಿಮೀರಿ ಹಿಡಿದರು. 2001ರಲ್ಲಿ ಅದನ್ನು ಅಳಿವಿನಂಚಿನ ಜೀವಿಯೆಂದು ಸಾರಬೇಕಾಯಿತು. ಹಿಡಿಯುವುದನ್ನು ನಿಲ್ಲಿಸಿದರಷ್ಟೇ ಸಾಲದಾಗಿ, ತೊಟ್ಟಿಗಳಲ್ಲಿ ಮರಿ ಮಾಡಿಸಿ ಕಡಲಿಗೆ ಬಿಡಬೇಕಾಗಿ ಬಂದಿದೆ.