ಹಾಸಿಗೆ ಒದ್ದೆಯಾದರೆ ಯಾರ ತಪ್ಪು?

(ಸ್ತ್ರೀಶಕ್ತಿ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತು)



ನನಗೆ ಭಾಷಣ ಬರುವುದಿಲ್ಲ, ಹೊಲಿಗೆ ಬರುತ್ತದೆ. ಒಕ್ಕೂಟದ ಅಧ್ಯಕ್ಷೆ 'ನಿನ್ನ ಮನೆಯದ್ದನ್ನೇ ಹೇಳು' ಎಂದರು, ಅದಕ್ಕೆ ನಿಂತಿದ್ದೇನೆ. ಮಗುವಿನ ಹೆಸರು ಹೇಳುವುದಿಲ್ಲ, ಪುಟ್ಟಿ ಎನ್ನುತ್ತೇನೆ.

ಪುಟ್ಟಿಯ ಅಮ್ಮ ನಮ್ಮ ಸಂಘದವಳೇ. ವಾರವಾರ ಉಳಿತಾಯ ಕಟ್ಟುತ್ತಿದ್ದವಳು ಒಮ್ಮೆಗೇ ನಿಲ್ಲಿಸಿದಳು. ಕೇಳಿದರೆ ತಲೆ ತಗ್ಗಿಸುತ್ತಿದ್ದಳು. ನಾವು ಬಾಕಿ ಎಷ್ಟು ಎಂದು ಕೇಳಿದೆವೇ ಹೊರತು ಕೈ ಮೇಲಿನ ಬರೆ ಏನೆಂದು ಕೇಳಲಿಲ್ಲ. ಮದುವೆಯಾಗಿ ಏಳು ವರ್ಷ ತುಂಬಲು ಒಂದು ತಿಂಗಳಿರುವಾಗ ಬೆಂಕಿಗೆ ಸತ್ತಳು. ಗಂಡನ ಮೇಲೂ ಅತ್ತೆಯ ಮೇಲೂ ವರದಕ್ಷಿಣೆ ಸಾವಿನ ಕೇಸಾಯಿತು. ಬಾಗಿಲ ಸಂದಿಯಲ್ಲಿ ನಿಂತು ನೋಡಿದ್ದು ಆಗಷ್ಟೇ ಆರು ತುಂಬಿದ್ದ ಈ ಮಗು. ತವರಿನಲ್ಲಿ ಇದ್ದದ್ದು ಕಣ್ಣು ಕಾಣದ ಅಜ್ಜಿ. ಪುಟ್ಟಿಯನ್ನು ಬಾಲಕಿಯರ ಬಾಲಮಂದಿರಕ್ಕೆ ಸೇರಿಸಿದರು.

ನಾನು ಸಾಕುತ್ತೇನೆಂದು ಅರ್ಜಿ ಕೊಟ್ಟೆ. ನೀವು ವಿಧವೆ, ಗಂಡ ಹೆಂಡತಿ ಇಬ್ಬರೂ ಇರಬೇಕು ಎಂದರು. 2016ರ ಮಾರ್ಗಸೂಚಿ ಹಾಗಿತ್ತು. (ಗಂಡನಿದ್ದ ಮನೆಯಲ್ಲೇ ಅಲ್ಲವೇ ಅವಳ ಅಮ್ಮ ಸತ್ತದ್ದು!) 2024ರಲ್ಲಿ ಹೊಸ ಮಾರ್ಗಸೂಚಿ ಬಂತು. 35ರಿಂದ 60 ವರ್ಷದೊಳಗಿನ ಒಂಟಿ ಹೆಂಗಸೂ ಮಗುವನ್ನು ಸಾಕಲು ಕೇಳಬಹುದು ಎಂದಾಯಿತು. ಮತ್ತೆ ಅರ್ಜಿ ಹಾಕಿದೆ, ಪುಟ್ಟಿ ಮನೆಗೆ ಬಂದಳು. ಇದು ದತ್ತು ಅಲ್ಲ, ನೆನಪಿರಲಿ. ಮಕ್ಕಳ ಕಲ್ಯಾಣ ಸಮಿತಿ ಕೊಡುತ್ತದೆ, ಸಮಿತಿಯೇ ವಾಪಸ್ಸು ಕರೆಸಿಕೊಳ್ಳಲೂಬಹುದು.

ಬಂದ ಮೊದಲ ದಿನ ನಾನು ಒಲೆ ಹಚ್ಚಿದೆ. ಮಗು ಮಂಚದ ಕೆಳಗೆ ಹೋಗಿ ಕೂತಳು, ರಾತ್ರಿಯವರೆಗೂ ಬರಲಿಲ್ಲ. ದಿನಾ ಹಾಸಿಗೆ ಒದ್ದೆ. ಚಪಾತಿಯನ್ನು ಶಾಲೆಯ ಚೀಲದಲ್ಲಿ ಬಚ್ಚಿಟ್ಟು ಬೂಸ್ಟು ಹಿಡಿಸುತ್ತಿದ್ದಳು. ಗಿರಾಕಿಯೊಬ್ಬರ ರೇಷ್ಮೆ ರವಿಕೆ ಬಟ್ಟೆಯನ್ನು ಕತ್ತರಿಸಿ ಹಾಕಿದ ದಿನ ನಾನು ಕೈ ಎತ್ತಿಬಿಟ್ಟೆ. ಅವಳು ಅಳಲಿಲ್ಲ. ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಏಟಿಗೆ ಕಾಯುತ್ತಾ ನಿಂತಳು. ಎತ್ತಿದ ಕೈ ಹಾಗೇ ಇಳಿಯಿತು.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅಂಥದ್ದನ್ನು ಕಂಡ ಮಗುವಿನ ಮೈಯಲ್ಲೇ ಭಯ ಉಳಿಯುತ್ತದೆ, ಇದು ಹಟವಲ್ಲ, ಸಮಯ ಬೇಕು, ಮನೆ ಬದಲಾಯಿಸಬೇಡಿ ಎಂದರು.

ಆದರೆ ಮನೆ ನೋಡಲು ಬಂದವರು ಇಪ್ಪತ್ತು ನಿಮಿಷ ಕೂತು ಬರೆದುಕೊಂಡದ್ದೇನು? ಮಗು ಮಂಚದ ಕೆಳಗಿತ್ತು, ಹಾಸಿಗೆ ಒದ್ದೆಯಿತ್ತು, ಮಗು ಹೊಂದಿಕೊಂಡಿಲ್ಲ. ಅಪ್ಪನ ಮನೆಯಲ್ಲಿ ಆದ ಗಾಯವನ್ನು ನನ್ನ ಮನೆಯ ಲೆಕ್ಕಕ್ಕೆ ಬರೆದರು. ಅಷ್ಟರಲ್ಲಿ ಅತ್ತೆ ಜಾಮೀನಿನ ಮೇಲೆ ಬಂದು, 'ನಮ್ಮ ವಂಶದ ಕುಡಿ, ನಮಗೆ ಕೊಡಿ' ಎಂದು ಅರ್ಜಿ ಹಾಕಿದ್ದಳು. ಆ ಕೇಸಿಗೆ ಸಾಕ್ಷಿ ಯಾರು? ಇದೇ ಮಗು!

ಸಮಿತಿಯ ಮುಂದೆ ಹೋದಾಗ ಅಜ್ಜಿಯ ಎದುರಿಗೇ 'ಯಾರ ಹತ್ತಿರ ಇರ್ತೀಯಮ್ಮಾ?' ಎಂದು ಕೇಳಿದರು. ಪುಟ್ಟಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಅದನ್ನೂ ಬರೆದುಕೊಂಡರು. ಮಗುವಿನ ಅಭಿಪ್ರಾಯ ಕೇಳಬೇಕು, ಗುಟ್ಟು ಕಾಪಾಡಬೇಕು ಎಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಕೇಳಿದ್ದು ಸರಿ, ಅಜ್ಜಿಯನ್ನು ಹೊರಗೆ ಕಳಿಸದೆ ಕೇಳಿದ್ದು ಸರಿಯೇ?

ನನ್ನನ್ನು ಉಳಿಸಿದ್ದು ನಮ್ಮ ಸಂಘದ ಅಭ್ಯಾಸ. ನಡಾವಳಿ ಪುಸ್ತಕ ಬರೆಯುವ ಹಾಗೆ ಪುಟ್ಟಿಗೂ ಒಂದು ನೋಟ್‌ಬುಕ್ ಇಟ್ಟಿದ್ದೆ. ಯಾವ ದಿನ ಹಾಸಿಗೆ ಒಣಗಿತ್ತು, ಯಾವ ದಿನ ಒಲೆಯ ಹತ್ತಿರ ಬಂದಳು, ಯಾವ ದಿನ ನಕ್ಕಳು, ಎಲ್ಲಾ ತಾರೀಖಿನ ಸಮೇತ. ವೈದ್ಯರ ಚೀಟಿ, ಟೀಚರ ಪತ್ರ ಜೊತೆಗಿಟ್ಟು ಕೊಟ್ಟೆ. ಬಾಯಿಮಾತಿನಲ್ಲಿ ಮಗುವನ್ನು ಒಪ್ಪಿಸುವುದಿಲ್ಲ, ಆದೇಶ ಬರಹದಲ್ಲಿ ಕೊಡಿ ಎಂದೆ. ಸಾಕುವ ವಿಷಯದಲ್ಲಿ ಸಮಿತಿಯ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಬರಹವಿಲ್ಲದಿದ್ದರೆ ಯಾವುದರ ಮೇಲೆ ಹಾಕುವುದು?

ದುಡ್ಡಿನ ಮಾತು ಹೇಳಿಬಿಡುತ್ತೇನೆ. ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4000 ರೂಪಾಯಿ ಎಂದಿದೆ. ನನಗೆ ಏಳು ತಿಂಗಳಿಂದ ಬಂದಿಲ್ಲ. ಬೀದಿಯವರು ಮಾತ್ರ ದುಡ್ಡಿಗಾಗಿ ಸಾಕುತ್ತಾಳೆ ಎನ್ನುತ್ತಾರೆ.

ಮೊನ್ನೆ ಪುಟ್ಟಿ ಬಾಗಿಲಲ್ಲಿ ನಿಂತು, ನಾನು ಒಲೆ ಹಚ್ಚುವುದನ್ನು ನೋಡಿದಳು. ಓಡಲಿಲ್ಲ. 'ಸೆರಗು ಸಿಕ್ಕಿಸ್ಕೋ ದೊಡ್ಡಮ್ಮಾ' ಎಂದಳು. ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ.

ಅಜ್ಜಿಯ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಬರುವ ಸೋಮವಾರ ಹತ್ತೂವರೆಗೆ ಮತ್ತೆ ಸಮಿತಿ ಮುಂದೆ ಹೋಗಬೇಕು. ಒಳಗೆ ಬಿಡುವುದು ನನ್ನನ್ನೂ ಮಗುವನ್ನೂ ಮಾತ್ರ. ಆದರೆ ಹೊರಗಿನ ಬೆಂಚಿನ ಮೇಲೆ ಅತ್ತೆಯ ಕಡೆಯವರು ಹತ್ತು ಜನ ಕೂತಿರುತ್ತಾರೆ, ಪುಟ್ಟಿ ಅವರ ಮುಂದೆಯೇ ಹಾದು ಹೋಗಬೇಕು. ನಮ್ಮ ಕಡೆಯಿಂದ ಕೂರಲು ಯಾರು ಬರುತ್ತೀರಿ? ಬಸ್ಸು ಎಂಟು ಗಂಟೆಗೆ.